ಜೊತೆಯಿಂದ ಬಂದ ಚಟ, ಜೊತೆಯಿಂದ ಬಿಡುಗಡೆ

ಧೂಮಪಾನವನ್ನು ಬಿಡುವುದು ಒಬ್ಬ ವ್ಯಕ್ತಿಯ ಮನೋಬಲಕ್ಕೆ ಸೇರಿದ ವಿಷಯವೆಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. 'ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು' ಎಂದು ಮನೆಯ ಹಿರಿಯರು ಹೇಳುತ್ತಾರೆ. 'ಯುಗಾದಿಯಿಂದ ಬಿಟ್ಟುಬಿಡುತ್ತೇನೆ' ಎಂದು ಸೇದುವವರು ಹೇಳುತ್ತಾರೆ. ಯುಗಾದಿ ಬರುತ್ತದೆ, ಹೋಗುತ್ತದೆ. ಅಂಗಿಯನ್ನು ಒಗೆಯಲು ತೆಗೆದಾಗ ಜೇಬಿನಲ್ಲಿ ಬೆಂಕಿಪೊಟ್ಟಣ ಮತ್ತೆ ಸಿಕ್ಕುತ್ತದೆ. ಅದನ್ನು ಕಂಡು ಮಾತನಾಡಬೇಕೋ ಸುಮ್ಮನಿರಬೇಕೋ ತಿಳಿಯದೆ ನಿಲ್ಲುವ ಇನ್ನೊಬ್ಬರು ಆ ಮನೆಯಲ್ಲಿರುತ್ತಾರೆ. ಸಾಮಾನ್ಯವಾಗಿ ಅದು ಹೆಂಡತಿ. ಕೆಲವೊಮ್ಮೆ ತಾಯಿ, ತಂಗಿ ಅಥವಾ ಗೆಳೆಯ.

ತಂಬಾಕಿನ ಇತಿಹಾಸವನ್ನು ಬರೆದವರು ಈ ಎರಡನೆಯ ವ್ಯಕ್ತಿಯನ್ನು ಬಹುಕಾಲ ಗಮನಿಸಲಿಲ್ಲ. ರಾಜರು ಆಜ್ಞೆ ಹೊರಡಿಸಿದರು, ವೈದ್ಯರು ಎಚ್ಚರಿಕೆ ಕೊಟ್ಟರು, ಸರ್ಕಾರಗಳು ಕಾನೂನು ಮಾಡಿದವು. ಪಕ್ಕದಲ್ಲೇ ಬದುಕುವ ಸಂಗಾತಿ ಈ ಕಥೆಯಲ್ಲಿ ಯಾರು ಎಂಬ ಪ್ರಶ್ನೆ ವಿಜ್ಞಾನಕ್ಕೆ ಹೊಳೆದದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಾತ್ರ. ಆ ಪ್ರಶ್ನೆ ಹುಟ್ಟಿ ಬೆಳೆದ ಬಗೆಯನ್ನು ಇಲ್ಲಿ ನೋಡೋಣ.

ಬಿಜಾಪುರದಿಂದ ಆಗ್ರಾಕ್ಕೆ

ಅಮೆರಿಕ ಖಂಡದ ಈ ಎಲೆಯನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಅದು ಮೊಗಲರ ಆಸ್ಥಾನವನ್ನು ಮುಟ್ಟಿದ ಪ್ರಸಂಗಕ್ಕೂ ನಮ್ಮ ನಾಡಿಗೂ ನೇರ ಸಂಬಂಧವಿದೆ. 1605ರ ಸುಮಾರಿಗೆ ಅಕ್ಬರನ ಅಧಿಕಾರಿ ಅಸದ್ ಬೇಗ್ ಎಂಬಾತ ಬಿಜಾಪುರದ ಆದಿಲ್‌ಶಾಹಿ ದರ್ಬಾರಿಗೆ ಹೋಗಿದ್ದ. ಅಲ್ಲಿ ಅವನು ತಂಬಾಕನ್ನು ಮೊದಲ ಬಾರಿಗೆ ಕಂಡ. ಅಂದವಾದ ಒಂದು ಕೊಳವೆಯನ್ನು ಸಿದ್ಧಪಡಿಸಿ, ತಂಬಾಕಿನ ಸಮೇತ ಆಗ್ರಾಕ್ಕೆ ತಂದು ಚಕ್ರವರ್ತಿಗೆ ಕಾಣಿಕೆಯಾಗಿ ಒಪ್ಪಿಸಿದ. ಅಕ್ಬರ ಕುತೂಹಲದಿಂದ ಒಂದೆರಡು ಬಾರಿ ಎಳೆದ. ಆಸ್ಥಾನದ ಹಕೀಮರು, ಪರೀಕ್ಷೆಗೆ ಒಳಪಡದ ವಸ್ತುವನ್ನು ಸೇವಿಸುವುದು ತರವಲ್ಲವೆಂದು ತಡೆದರು. ಅಕ್ಬರನು ಆ ಅಭ್ಯಾಸವನ್ನು ಹಿಡಿಯಲಿಲ್ಲ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅಸದ್ ಬೇಗ್ ಬಹಳಷ್ಟು ತಂಬಾಕನ್ನು ತಂದಿದ್ದ. ಅದನ್ನು ಸರದಾರರಿಗೆ ಹಂಚಿದ. ಒಬ್ಬರನ್ನು ನೋಡಿ ಇನ್ನೊಬ್ಬರು ಕೇಳಿದರು, ವರ್ತಕರು ಮಾರತೊಡಗಿದರು, ಅಭ್ಯಾಸ ಬೇಗ ಹರಡಿತು. ಕೆಲವೇ ವರ್ಷಗಳ ನಂತರ, 1617ರಲ್ಲಿ, ಜಹಾಂಗೀರನು ಧೂಮಪಾನವನ್ನು ನಿಷೇಧಿಸಿ ಆಜ್ಞೆ ಹೊರಡಿಸಬೇಕಾಯಿತು. ಆಜ್ಞೆ ಕಾಗದದ ಮೇಲೆ ಉಳಿಯಿತು, ಹುಕ್ಕಾ ಮನೆಮನೆಯಲ್ಲಿ ಉಳಿಯಿತು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ತಂಬಾಕು ಕಾಣಿಕೆಯಾಗಿ, ಆತಿಥ್ಯವಾಗಿ, ಸ್ನೇಹದ ಗುರುತಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂತು. ಇಂದಿಗೂ ಹಾಗೆಯೇ ಬರುತ್ತದೆ. ಮೊದಲ ಬೀಡಿಯನ್ನಾಗಲಿ ಸಿಗರೇಟನ್ನಾಗಲಿ ಒಬ್ಬಂಟಿಯಾಗಿ ಹಚ್ಚಿದವರು ವಿರಳ. ಬಂದದ್ದು ಜೊತೆಯಿಂದ, ಬಿಡಬೇಕಾದದ್ದು ಮಾತ್ರ ಒಬ್ಬನೇ ಎಂಬ ನಿರೀಕ್ಷೆ ಎಷ್ಟು ನ್ಯಾಯ?

ಇಬ್ಬರು ಹುಡುಗರ ಕಥೆ

ನಿಮ್ಮ ವಯಸ್ಸಿಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಇಬ್ಬರು ಹುಡುಗರ ಉದಾಹರಣೆ ಗಾಂಧೀಜಿಯವರ ಆತ್ಮಕಥೆಯಲ್ಲಿದೆ. ಬಾಲಕ ಮೋಹನದಾಸ ಮತ್ತು ಅವನ ನೆಂಟರ ಹುಡುಗನೊಬ್ಬ ಸೇರಿ ಧೂಮಪಾನಕ್ಕೆ ಮನಸೋತರು. ಚಿಕ್ಕಪ್ಪ ಸೇದುತ್ತಿದ್ದುದನ್ನು ನೋಡಿ ಬಂದ ಆಸೆ ಅದು. ಮೊದಲು ಅವರು ಎಸೆದ ಮೋಟುಗಳನ್ನು ಹೆಕ್ಕಿ ಸೇದಿದರು. ಅದು ಸಾಲದಾದಾಗ ಆಳಿನ ಪುಡಿಗಾಸನ್ನು ಕದ್ದರು. ಎಲ್ಲಕ್ಕೂ ಹಿರಿಯರಿಗೆ ಹೆದರಬೇಕಲ್ಲ ಎಂಬ ಬೇಸರದಲ್ಲಿ ಬದುಕೇ ಬೇಡವೆನ್ನುವ ದುಡುಕಿನ ಯೋಚನೆಯವರೆಗೂ ಹೋಗಿ, ಧೈರ್ಯ ಸಾಲದೆ ಹಿಂದಿರುಗಿದರು. ಅಲ್ಲಿಂದ ಮುಂದೆ ಇಬ್ಬರೂ ಮೋಟು ಸೇದುವುದನ್ನೂ ಕಾಸು ಕದಿಯುವುದನ್ನೂ ಬಿಟ್ಟರು. ದೊಡ್ಡವನಾದ ಮೇಲೆ ತನಗೆ ಸೇದುವ ಆಸೆಯೇ ಹುಟ್ಟಲಿಲ್ಲವೆಂದು ಗಾಂಧೀಜಿ ಬರೆದಿದ್ದಾರೆ.

ಈ ಕಥೆಯನ್ನು ಸಾಮಾನ್ಯವಾಗಿ ಸತ್ಯನಿಷ್ಠೆಯ ಪಾಠವಾಗಿ ಓದುತ್ತೇವೆ. ಇನ್ನೊಂದು ಬಗೆಯಲ್ಲೂ ಓದಬಹುದು. ಚಟಕ್ಕೆ ಬಿದ್ದಾಗ ಅವರು ಇಬ್ಬರು, ಬಿಟ್ಟಾಗಲೂ ಇಬ್ಬರು. ಒಬ್ಬ ಬಿಟ್ಟು ಇನ್ನೊಬ್ಬ ಮುಂದುವರಿಸಿದ್ದರೆ ಏನಾಗುತ್ತಿತ್ತೆಂದು ಹೇಳುವಂತಿಲ್ಲ. ಆದರೆ ಹಾಗೆ ಮುಂದುವರಿಸುವ ಜೊತೆಗಾರ ಅಲ್ಲಿರಲಿಲ್ಲ ಎಂಬುದಂತೂ ನಿಜ.

ಎಚ್ಚರಿಕೆ ಯಾರಿಗೆ?

ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು 1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಸ್ಪಷ್ಟವಾಗಿ ತೋರಿಸಿದರು. ಸ್ವತಃ ಸೇದುತ್ತಿದ್ದ ಡಾಲ್, ತಮ್ಮ ಅಧ್ಯಯನದ ಅಂಕಿಗಳನ್ನು ನೋಡುತ್ತಲೇ ಸಿಗರೇಟು ಬಿಟ್ಟರು. 1964ರ ಜನವರಿಯಲ್ಲಿ ಅಮೆರಿಕದ ಸರ್ಜನ್ ಜನರಲ್ ಲೂಥರ್ ಟೆರಿ ಅವರ ವರದಿ ಪ್ರಕಟವಾಯಿತು. ಭಾರತದಲ್ಲಿ 1975ರ ಕಾಯಿದೆಯಿಂದ ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆಯ ಸಾಲು ಕಡ್ಡಾಯವಾಯಿತು.

ಈ ಎಲ್ಲ ಎಚ್ಚರಿಕೆಗಳೂ ಸೇದುವವನನ್ನು ಕುರಿತವು. ನಿನ್ನ ಆರೋಗ್ಯ, ನಿನ್ನ ನಿರ್ಧಾರ, ನಿನ್ನ ಹೊಣೆ ಎಂಬುದು ಅವುಗಳ ಧಾಟಿ.

ಅದನ್ನು ಬದಲಿಸಿದ್ದು ಜಪಾನಿನಿಂದ ಬಂದ ಒಂದು ಅಧ್ಯಯನ. ತಕೇಶಿ ಹಿರಾಯಾಮ ಎಂಬ ವಿಜ್ಞಾನಿ, ತಾವು ಎಂದೂ ಸೇದದ 91,540 ಗೃಹಿಣಿಯರನ್ನು 14 ವರ್ಷಗಳ ಕಾಲ ಗಮನಿಸಿ, 1981ರ ಜನವರಿಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗಂಡ ಹೆಚ್ಚು ಸೇದುತ್ತಿದ್ದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚಾಗಿತ್ತು. ಸಿಗರೇಟು ಕಂಪನಿಗಳು ಈ ಅಧ್ಯಯನವನ್ನು ಅಲ್ಲಗಳೆಯಲು ಬಹಳ ಶ್ರಮಪಟ್ಟವು. ಆದರೆ ಇತರ ದೇಶಗಳಲ್ಲಿ ನಡೆದ ಅಧ್ಯಯನಗಳೂ ಅದೇ ದಿಕ್ಕನ್ನು ತೋರಿಸಿದವು. ಅವನ್ನೆಲ್ಲ ಕೂಡಿಸಿ ನೋಡಿದಾಗ, ಸೇದುವವರ ಜೊತೆ ಬದುಕುವ, ತಾವು ಸೇದದವರಿಗೆ ಈ ಅಪಾಯ ಶೇಕಡಾ 20ರಿಂದ 30ರಷ್ಟು ಹೆಚ್ಚು ಎಂಬ ತೀರ್ಮಾನಕ್ಕೆ ವಿಜ್ಞಾನ ಬಂದಿದೆ.

ಹೀಗೆ ಸಂಗಾತಿ ಮೊದಲ ಬಾರಿಗೆ ವಿಜ್ಞಾನದ ಪುಟಗಳಲ್ಲಿ ಕಾಣಿಸಿಕೊಂಡಳು. ಆದರೆ ಕಾಣಿಸಿಕೊಂಡದ್ದು ಇನ್ನೊಬ್ಬರ ಹೊಗೆಗೆ ಬಲಿಯಾದವಳಾಗಿ. ಆಕೆಗೆ ಮಾತನಾಡುವ ಹಕ್ಕಿದೆ ಎಂಬುದು ಇದರಿಂದ ಸ್ಥಾಪಿತವಾಯಿತು. ಏನು ಮಾತನಾಡಬೇಕು ಎಂಬುದು ಇನ್ನೂ ಉಳಿದಿತ್ತು.

ಕಾವಲೋ, ಜೊತೆಯೋ?

ಅದೇ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಸೇದುವುದನ್ನು ಬಿಡಲು ಹೊರಟವರ ಸಂಗಾತಿಗಳು ದಿನನಿತ್ಯ ಏನೇನು ಮಾಡುತ್ತಾರೆಂದು 1983ರ ಹೊತ್ತಿಗೆ ಅವರು ಪಟ್ಟಿ ಮಾಡತೊಡಗಿದರು. 1990ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಎಡ್ವರ್ಡ್ ಲಿಕ್ಟೆನ್‌ಸ್ಟೈನ್ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಉಪಯುಕ್ತ ಅಂಶ ಕಂಡುಬಂತು. ಸಂಗಾತಿ ನೆರವಾಗುವ ಕೆಲಸಗಳನ್ನೂ ಮಾಡುತ್ತಾರೆ, ಚುಚ್ಚುವ ಕೆಲಸಗಳನ್ನೂ ಮಾಡುತ್ತಾರೆ. ಮುಖ್ಯವಾದದ್ದು ಇವೆರಡರ ಪ್ರಮಾಣ. ಬಿಟ್ಟದ್ದನ್ನು ಗುರುತಿಸಿ ಮೆಚ್ಚುವುದು, ಕಷ್ಟದ ಗಳಿಗೆಯಲ್ಲಿ ಮನಸ್ಸನ್ನು ಬೇರೆಡೆಗೆ ತಿರುಗಿಸುವುದು, ಇವು ಹೆಚ್ಚಾಗಿದ್ದು, ಹಂಗಿಸುವುದು, ಶಂಕಿಸುವುದು, ಮತ್ತೆ ಮತ್ತೆ ದೂರುವುದು ಕಡಿಮೆಯಾಗಿದ್ದ ಕಡೆ ಬಿಟ್ಟವರು ಬಿಟ್ಟೇ ಉಳಿಯುವುದು ಹೆಚ್ಚು.

ಇದಕ್ಕೆ ದೇಹದಲ್ಲೇ ಕಾರಣವಿದೆ. ಸೇದಿದ ಹೊಗೆಯಲ್ಲಿನ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಅಭ್ಯಾಸವಾದ ಮಿದುಳಿಗೆ ಅದು ಸಿಗದಿದ್ದರೆ ಸಿಡುಕು, ನಿದ್ರಾಭಂಗ, ಚಡಪಡಿಕೆ ತೋರುತ್ತವೆ. ಮೊದಲ ಕೆಲವು ದಿನಗಳು ಕಠಿಣ. ಕೆಲವು ವಾರಗಳಲ್ಲಿ ಇದು ಇಳಿಯುತ್ತದೆ. ಆ ದಿನಗಳ ಸಿಡುಕು ಹೊರಬೀಳುವುದು ಹತ್ತಿರದವರ ಮೇಲೆಯೇ. ಅದು ನಿಕೋಟಿನ್ ಕೊರತೆಯ ಮಾತು ಎಂದು ತಿಳಿದ ಸಂಗಾತಿ ಅದನ್ನು ಜಗಳವಾಗಿ ಬೆಳೆಸುವುದಿಲ್ಲ. ಸೇದಬೇಕೆಂಬ ತುಡಿತ ಒಮ್ಮೆ ಬಂದರೆ ಸಾಮಾನ್ಯವಾಗಿ ಕೆಲವು ನಿಮಿಷ ಇರುತ್ತದೆ. ಊಟವಾದ ಕೂಡಲೇ ಅಂಗಡಿಯ ಕಡೆ ಹೆಜ್ಜೆ ಹಾಕುವವರ ಜೊತೆ ಬೀದಿಯ ಕೊನೆಯವರೆಗೆ ನಡೆದುಬಂದರೆ ಆ ನಿಮಿಷಗಳು ಕಳೆಯುತ್ತವೆ.

ಒಟ್ಟಿಗೆ ಬಿಡುವವರು

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯಕರ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಹೃದಯರೋಗದ ಅಧ್ಯಯನ ನಡೆಯುತ್ತಿದೆ. ಅಲ್ಲಿನ 12,067 ಜನರ 1971ರಿಂದ 2003ರವರೆಗಿನ ದಾಖಲೆಗಳನ್ನು ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ಗಂಡ ಹೆಂಡಿರಲ್ಲಿ ಒಬ್ಬರು ಸೇದುವುದನ್ನು ಬಿಟ್ಟರೆ ಇನ್ನೊಬ್ಬರು ಸೇದುವ ಸಂಭವ ಶೇಕಡಾ 67ರಷ್ಟು ಕಡಿಮೆಯಾಗುತ್ತಿತ್ತು. ಗೆಳೆಯ ಬಿಟ್ಟರೆ ಶೇಕಡಾ 36ರಷ್ಟು. ಜನ ಒಬ್ಬೊಬ್ಬರಾಗಿ ಅಲ್ಲ, ಗುಂಪು ಗುಂಪಾಗಿ ಬಿಡುತ್ತಿದ್ದರು.

2015ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು, 50 ವರ್ಷ ದಾಟಿದ 3,722 ಜೋಡಿಗಳ ಮಾಹಿತಿಯನ್ನು ಪ್ರಕಟಿಸಿದರು. ಸೇದುವ ಹೆಂಗಸರಲ್ಲಿ, ಸಂಗಾತಿಯೂ ಅದೇ ಹೊತ್ತಿನಲ್ಲಿ ಬಿಟ್ಟಿದ್ದಾಗ ಶೇಕಡಾ 50ರಷ್ಟು ಮಂದಿ ಬಿಡಲು ಸಮರ್ಥರಾದರು. ಸಂಗಾತಿ ಮೊದಲಿನಿಂದಲೇ ಸೇದದವನಾಗಿದ್ದರೆ ಶೇಕಡಾ 17. ಸಂಗಾತಿ ಸೇದುತ್ತಲೇ ಇದ್ದರೆ ಶೇಕಡಾ 8 ಮಾತ್ರ. ಉಪದೇಶ ಮಾಡುವ ನಿರ್ವ್ಯಸನಿಗಿಂತ, ಜೊತೆಗೆ ತಾನೂ ಕಷ್ಟಪಡುವವನ ಬಲ ದೊಡ್ಡದು ಎಂದು ಇದರಿಂದ ತೋರುತ್ತದೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಸಂಗಾತಿಗಳಿಗೆ ತರಬೇತಿ ಕೊಟ್ಟು ಬಿಡಿಸುವ ಕಾರ್ಯಕ್ರಮಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿದ 2018ರ ಒಂದು ವಿಮರ್ಶೆಗೆ, ಅವುಗಳಿಂದ ಬಿಟ್ಟವರ ಸಂಖ್ಯೆ ಏರಿತೆಂಬ ಆಧಾರ ಸಿಗಲಿಲ್ಲ. ಪ್ರೀತಿಯನ್ನಾಗಲಿ ತಾಳ್ಮೆಯನ್ನಾಗಲಿ ಕೆಲವು ಪಾಠಗಳಿಂದ ಕಲಿಸಲು ಸುಲಭವಲ್ಲ. ಆದ್ದರಿಂದ ಸಂಗಾತಿ ಇದ್ದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ತಿಳಿಯಬಾರದು.

ನಮ್ಮ ಮನೆಗಳಲ್ಲಿ

ಇಂಗ್ಲೆಂಡಿನ ಲೆಕ್ಕವನ್ನು ನಮ್ಮ ದೇಶಕ್ಕೆ ಹಾಗೆಯೇ ತಂದು ಹಚ್ಚುವಂತಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕ ಗಂಡಸರಲ್ಲಿ ಶೇಕಡಾ 19 ಮಂದಿ, ಹೆಂಗಸರಲ್ಲಿ ಶೇಕಡಾ 2 ಮಂದಿ ಮಾತ್ರ ಧೂಮಪಾನಿಗಳು. ಮನೆಯೊಳಗೇ ಇತರರ ಹೊಗೆಗೆ ಒಡ್ಡಿಕೊಳ್ಳುವ ವಯಸ್ಕರು ಶೇಕಡಾ 38.7. ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ಗಂಡ ಸೇದುತ್ತಾನೆ, ಹೆಂಡತಿ ಹೊಗೆ ಕುಡಿಯುತ್ತಾಳೆ. 2008ರ ಗಾಂಧಿ ಜಯಂತಿಯಂದು ಜಾರಿಗೆ ಬಂದ ನಿಯಮಗಳು ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ತಡೆದವು. ಮನೆಯ ಹೊಸ್ತಿಲನ್ನು ಆ ಕಾನೂನು ದಾಟಲಾರದು.

ಇಂಥಲ್ಲಿ ಒಂದು ಅನ್ಯಾಯ ಸುಲಭವಾಗಿ ನಡೆದುಹೋಗುತ್ತದೆ. ಗಂಡ ಬಿಡದಿದ್ದರೆ 'ಅವಳು ತಿದ್ದಲಿಲ್ಲ' ಎಂದು ಹೆಂಡತಿಯನ್ನು ದೂರುತ್ತೇವೆ. ಬಿಟ್ಟು ಮತ್ತೆ ಹಿಡಿದರೆ 'ಅವಳ ಕಿರಿಕಿರಿಗೆ' ಎಂದು ಮತ್ತೆ ಅವಳನ್ನೇ ದೂರುತ್ತೇವೆ. ಹೊಗೆಯ ಹಾನಿಯ ಜೊತೆಗೆ ಹೊಣೆಯನ್ನೂ ಆಕೆಯ ಮೇಲೆ ಹೊರಿಸುವುದು ಸರಿಯಲ್ಲ. ಬಿಡಬೇಕಾದ ಹೊಣೆ ಸೇದುವವನದೇ. ಸಂಗಾತಿಯನ್ನು ಕರೆಯಬೇಕಾದವನೂ ಅವನೇ. 'ಮುಂದಿನ ಸೋಮವಾರದಿಂದ ಬಿಡುತ್ತೇನೆ, ನಾಲ್ಕು ದಿನ ಸಿಡುಕಬಹುದು, ಸಹಿಸಿಕೋ. ಜಾರಿದರೆ ನಾನೇ ಬಂದು ಹೇಳುತ್ತೇನೆ, ಜೇಬು ಹುಡುಕಬೇಡ' ಎಂದು ಬಾಯಿಬಿಟ್ಟು ಹೇಳಿದ ದಿನ ಆಕೆ ಕಾವಲುಗಾರ್ತಿಯ ಕೆಲಸದಿಂದ ಬಿಡುಗಡೆ ಹೊಂದಿ ಜೊತೆಗಾರ್ತಿಯಾಗುತ್ತಾಳೆ.

ಇಬ್ಬರ ಶಕ್ತಿಯೂ ಸಾಲದಿದ್ದರೆ ಮೂರನೆಯವರ ನೆರವಿದೆ. 2016ರಲ್ಲಿ ದೆಹಲಿಯಲ್ಲಿ ಆರಂಭವಾದ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿಗೆ 2018ರಿಂದ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವೂ ಸೇರಿದ್ದು, ಕನ್ನಡದಲ್ಲಿ ಸಲಹೆ ದೊರೆಯುತ್ತದೆ. 1800-11-2356 ಎಂಬ ಈ ಉಚಿತ ಸಂಖ್ಯೆ ಪೊಟ್ಟಣದ ಮೇಲೆಯೇ ಮುದ್ರಿತವಾಗಿರುತ್ತದೆ. ವೈದ್ಯರ ಸಲಹೆಯಂತೆ ನಿಕೋಟಿನ್ ಚೂಯಿಂಗ್ ಗಮ್ ಮುಂತಾದ ಚಿಕಿತ್ಸೆಯೂ ಉಂಟು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರ ಮನೆಯಲ್ಲಿ ತಂದೆಯೋ ಅಣ್ಣನೋ ಸೇದುತ್ತಿರಬಹುದು. ಅವರನ್ನು ಬಿಡಿಸುವ ಭಾರ ನಿಮ್ಮದಲ್ಲ. ಅವರು ಬಿಡುತ್ತೇನೆಂದು ಹೇಳಿದ ದಿನ ನಂಬುವುದು, ಜಾರಿದ ದಿನ ಹಂಗಿಸದಿರುವುದು, ಇವು ನಿಮ್ಮಿಂದ ಆಗುವ ಕೆಲಸಗಳು. ಹಲವರು ಒಂದಕ್ಕಿಂತ ಹೆಚ್ಚು ಬಾರಿ ಪ್ರಯತ್ನಿಸಿಯೇ ಕೊನೆಗೆ ಬಿಟ್ಟಿರುತ್ತಾರೆ. ಇನ್ನು ಕಾಲೇಜಿನ ಗೇಟಿನಾಚೆ ಗೆಳೆಯನೊಬ್ಬ ಪೊಟ್ಟಣ ತೆರೆದು ನಿಮ್ಮ ಮುಂದೆ ಚಾಚುವ ದಿನವೂ ಬರಬಹುದು. ನಾನೂರು ವರ್ಷಗಳ ಹಿಂದೆ ಅಸದ್ ಬೇಗ್ ಚಾಚಿದ ಕಾಣಿಕೆಯೇ ಅದು. ಅದನ್ನು ಬೇಡವೆಂದು ಹಿಂದಿರುಗಿಸುವಾಗ ಗೆಳೆಯನನ್ನು ಕೈಬಿಡಬೇಕಾಗಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು, ಅಲ್ಲಿಂದ ಅವನನ್ನೂ ಜೊತೆಯಲ್ಲಿ ಕರೆದುಕೊಂಡು ಬನ್ನಿ.