ಕಡಿಮೆ ಖರ್ಚಿನ ವೆಸ್ಟರ್ನ್ ಚಿತ್ರಗಳು ಮತ್ತು ಕನ್ನಡದ ಖಾಕಿ ನಾಯಕ

ವೆಸ್ಟರ್ನ್ ಚಿತ್ರ ಎಂದೊಡನೆ ಕುದುರೆ, ಬಂದೂಕು, ಬಂಡೆಗುಡ್ಡ ನೆನಪಾಗುತ್ತವೆ. ಆದರೆ 1930 ಮತ್ತು 40ರ ದಶಕಗಳಲ್ಲಿ ಅಮೆರಿಕದಲ್ಲಿ ರಾಶಿಗಟ್ಟಲೆ ತಯಾರಾದ ಅಗ್ಗದ ವೆಸ್ಟರ್ನ್‌ಗಳಲ್ಲಿ ಇವುಗಳಷ್ಟೇ ಮುಖ್ಯವಾಗಿದ್ದದ್ದು ನಾಯಕನ ಎದೆಯ ಮೇಲಿನ ಬಿಲ್ಲೆ. ಅವನು ಊರಿನ ಷೆರಿಫ್, ಇಲ್ಲವೇ ಕೇಂದ್ರ ಸರ್ಕಾರದ ಮಾರ್ಷಲ್. ಭಾರತೀಯ ಚಿತ್ರರಂಗ ಈ ಬಗೆಯ ಚಿತ್ರಗಳಿಂದ ಕುದುರೆ, ಬಂದೂಕುಗಳನ್ನು ಎತ್ತಿಕೊಂಡಿತು. ಬಿಲ್ಲೆಯನ್ನು ಹೆಚ್ಚಾಗಿ ಅಲ್ಲೇ ಬಿಟ್ಟಿತು. ಕನ್ನಡದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ.

ಅಮೆರಿಕದ ಮೂಲದಲ್ಲಿ ಇವು ಮುಖ್ಯ ಚಿತ್ರದ ಜತೆ ಒಂದೇ ಟಿಕೆಟ್ಟಿಗೆ ತೋರಿಸುತ್ತಿದ್ದ, ಸುಮಾರು ಒಂದು ಗಂಟೆಯ ಚಿತ್ರಗಳು. ಮೊನೊಗ್ರಾಮ್ ಮತ್ತು 1935ರಲ್ಲಿ ಹುಟ್ಟಿದ ರಿಪಬ್ಲಿಕ್ ಪಿಕ್ಚರ್ಸ್ ಇವನ್ನೇ ನಂಬಿ ಬದುಕಿದ ಕಂಪನಿಗಳು. ಲಾಸ್ ಏಂಜಲೀಸ್ ಅಂಚಿನ ಐವರ್ಸನ್ ರ‍್ಯಾಂಚ್‌ನ ಅದೇ ಬಂಡೆಗಳ ಹಿಂದೆ ಎಷ್ಟೋ ಚಿತ್ರಗಳ ಕಳ್ಳರು ಅಡಗಿ ಕುಳಿತರು. ಹಳೆಯ ಚಿತ್ರದ ಕುದುರೆ ಓಟವನ್ನು ಕತ್ತರಿಸಿ ಹೊಸದಕ್ಕೆ ಅಂಟಿಸಿದರೂ ಕೇಳುವವರಿರಲಿಲ್ಲ. 1941–42ರ ‘ರಫ್ ರೈಡರ್ಸ್’ ಮಾಲೆಯಲ್ಲಿ ಬಕ್ ಜೋನ್ಸ್, ಟಿಮ್ ಮೆಕಾಯ್ ಮತ್ತು ರೇಮಂಡ್ ಹ್ಯಾಟನ್ ಮೂವರೂ ಮಾರ್ಷಲ್‌ಗಳು; ಗುರುತು ಮರೆಸಿಕೊಂಡು ಊರಿಗೆ ಬಂದು ಕೊನೆಯಲ್ಲಿ ಅಸಲಿ ರೂಪ ತೋರಿಸುವವರು. 1942ರ ನವೆಂಬರ್‌ನಲ್ಲಿ ಬಾಸ್ಟನ್‌ನ ಕೋಕೋನಟ್ ಗ್ರೋವ್ ಅಗ್ನಿ ದುರಂತದಲ್ಲಿ ಜೋನ್ಸ್ ತೀರಿಕೊಂಡರು, ಆ ಮಾಲೆ ಅಲ್ಲಿಗೆ ನಿಂತಿತು. ಜೀನ್ ಆಟ್ರಿ, ರಾಯ್ ರೋಜರ್ಸ್ ಗಿಟಾರ್ ಹಿಡಿದು ಹಾಡುವ ಕೌಬಾಯ್‌ಗಳಾದರು. 1950ರ ದಶಕದ ನಡುವಿಗೆ ಇಂಥ ಕತೆಗಳನ್ನು ಟೆಲಿವಿಷನ್ ಮನೆಗೇ ತಂದಿತು. ಥಿಯೇಟರಿನಲ್ಲಿ ಅವುಗಳಿಗೆ ಕೆಲಸ ಉಳಿಯಲಿಲ್ಲ.

ಭಾರತದಲ್ಲಿ ಇದಕ್ಕೆ ಹತ್ತಿರದ ಸರಕು ಮುಂಬೈಯ ವಾಡಿಯಾ ಮೂವಿಟೋನ್‌ನ ಸ್ಟಂಟ್ ಚಿತ್ರಗಳು. 1935ರ ‘ಹಂಟರ್‌ವಾಲಿ’ಯಲ್ಲಿ ನಾಡಿಯಾ ಮುಖವಾಡ ಧರಿಸಿ, ಚಾಟಿ ಬೀಸಿ, ಕುದುರೆ ಏರಿದರು. ಆದರೆ ಆಕೆ ಹೋರಾಡಿದ್ದು ಅಧಿಕಾರ ಹಿಡಿದವರ ವಿರುದ್ಧ. ಪೊಲೀಸರೆಂದರೆ ಬ್ರಿಟಿಷರ ಲಾಠಿ ಎಂದಿದ್ದ ಕಾಲದಲ್ಲಿ ಸರ್ಕಾರಿ ಸಮವಸ್ತ್ರದವನನ್ನು ನಾಯಕನಾಗಿ ನಿಲ್ಲಿಸಿ ಶಿಳ್ಳೆ ಗಿಟ್ಟಿಸುವುದು ಸುಲಭವಿರಲಿಲ್ಲ. ಸ್ವಾತಂತ್ರ್ಯದ ನಂತರ ಅಂಥ ನಾಯಕ ಬಂದಾಗಲೂ ಕೈಯಲ್ಲಿ ಬಂದೂಕಿರಲಿಲ್ಲ. ಹುಬ್ಬಳ್ಳಿಯ ಟಾಕೀಸೊಂದರಲ್ಲಿ ದುಡಿದು, ಮುಂದೆ ಪುಣೆಯ ಪ್ರಭಾತ್ ಕಂಪನಿಯಿಂದ ಹೆಸರಾದ ವಿ. ಶಾಂತಾರಾಂ ಅವರ ‘ದೋ ಆಂಖೇ ಬಾರಹ್ ಹಾಥ್’ (1957) ಚಿತ್ರದ ಜೈಲರ್ ಆರು ಮಂದಿ ಕೊಲೆ ಅಪರಾಧಿಗಳನ್ನು ಕರೆದುಕೊಂಡು ಹೋಗಿ ಬಂಜರು ನೆಲವನ್ನು ಉಳುಮೆ ಮಾಡಿಸುತ್ತಾನೆ. ಔಂಧ್ ಸಂಸ್ಥಾನದ ಬಯಲು ಬಂದೀಖಾನೆಯ ಪ್ರಯೋಗ ಅದಕ್ಕೆ ಪ್ರೇರಣೆ.

ನಿಜವಾದ ಕೌಬಾಯ್ ಹಾವಳಿ ಇಟಲಿಯ ಸೆರ್ಜಿಯೊ ಲಿಯೋನೆ ಚಿತ್ರಗಳ ನಂತರದ್ದು. ‘ಮೆಕನ್ನಾಸ್ ಗೋಲ್ಡ್’ (1969) ಭಾರತದಲ್ಲಿ ಭರ್ಜರಿಯಾಗಿ ಓಡಿತು. ಅದರಲ್ಲಿ ಗ್ರೆಗರಿ ಪೆಕ್ ಮಾರ್ಷಲ್ಲೇ, ಆದರೆ ನಮ್ಮವರ ಕಣ್ಣು ಬಿದ್ದದ್ದು ನಿಧಿಯ ಮೇಲೆ. ಕೆ.ಎಸ್.ಆರ್. ದಾಸ್ ನಿರ್ದೇಶಿಸಿ ಕೃಷ್ಣ ನಟಿಸಿದ ತೆಲುಗಿನ ‘ಮೋಸಗಾಳ್ಳಕು ಮೋಸಗಾಡು’ (1971), ಕರ್ಣನ್ ಅವರ ತಮಿಳಿನ ‘ಗಂಗಾ’, ‘ಜಕ್ಕಮ್ಮ’ (ಎರಡೂ 1972) ಈ ಸಾಲಿನವು. ಹಿಂದಿಯಲ್ಲಿ ‘ಖೋಟೆ ಸಿಕ್ಕೆ’ (1974), ‘ಕಾಲಾ ಸೋನಾ’ (1975) ಚಿತ್ರಗಳ ಫಿರೋಜ್ ಖಾನ್ ಬೆಂಗಳೂರಿನಲ್ಲಿ ಹುಟ್ಟಿ, 2009ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡವರು.

ಇವೆಲ್ಲವನ್ನೂ ಮೀರಿಸಿದ ‘ಶೋಲೆ’ (1975) ಕಡಿಮೆ ಖರ್ಚಿನದಲ್ಲ, ಆದರೂ ಇಲ್ಲಿ ಬಿಡುವಂತಿಲ್ಲ. 1973ರ ಅಕ್ಟೋಬರ್‌ನಲ್ಲಿ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣ ಶುರುವಾಯಿತು. ಕಲಾ ನಿರ್ದೇಶಕ ರಾಮ್ ಯಡೇಕರ್ ಇಡೀ ಹಳ್ಳಿಯನ್ನೇ ಕಟ್ಟಿದರು. ಠಾಕೂರ್ ಬಲದೇವ್ ಸಿಂಗ್ ಹಿಂದೆ ಪೊಲೀಸ್ ಅಧಿಕಾರಿ, ಈಗ ಎರಡೂ ಕೈ ಇಲ್ಲದವನು. ಕಾನೂನಿನ ಕೆಲಸಕ್ಕೆ ಅವನು ಹುಡುಕುವುದು ಇಬ್ಬರು ಕಳ್ಳರನ್ನು. ಮೊದಲು ಚಿತ್ರೀಕರಿಸಿದ ಅಂತ್ಯದಲ್ಲಿ ಅವನು ಡಕಾಯಿತ ಗಬ್ಬರ್‌ನನ್ನು ತುಳಿದು ಕೊಲ್ಲುತ್ತಾನೆ. ತುರ್ತುಪರಿಸ್ಥಿತಿಯ ದಿನಗಳ ಸೆನ್ಸಾರ್ ಒಪ್ಪಲಿಲ್ಲ. ಪೊಲೀಸರು ಬಂದು ಗಬ್ಬರ್‌ನನ್ನು ಹಿಡಿದೊಯ್ಯುವ ದೃಶ್ಯ ಸೇರಿತು. ಭಾರತದ ಅತಿ ದೊಡ್ಡ ವೆಸ್ಟರ್ನ್‌ನಲ್ಲಿ ಕಾನೂನಿಗೆ ಜಯ ತಂದುಕೊಟ್ಟದ್ದು ಕತೆಗಾರರಲ್ಲ, ಸೆನ್ಸಾರ್ ಮಂಡಳಿ.

ರಾಮನಗರ ಪಕ್ಕದಲ್ಲೇ ಇದ್ದರೂ ಕನ್ನಡದಲ್ಲಿ ಕೌಬಾಯ್ ಟೋಪಿ ಬೇರೂರಲಿಲ್ಲ. ‘ಮೋಸಗಾಳ್ಳಕು ಮೋಸಗಾಡು’ ಮಾಡಿದ ದಾಸ್ ಅವರೇ ಕನ್ನಡಕ್ಕೆ ಬಂದು ‘ಕಳ್ಳ ಕುಳ್ಳ’ (1975), ‘ಸಹೋದರರ ಸವಾಲ್’ (1977) ನಿರ್ದೇಶಿಸಿದಾಗ ಹೊಡೆದಾಟವನ್ನು ತಂದರು, ಮರುಭೂಮಿಯನ್ನು ತರಲಿಲ್ಲ. ಇಲ್ಲಿ ಕಾನೂನಿನ ನಾಯಕ ಅಷ್ಟರಲ್ಲಿ ಬೇರೆ ವೇಷದಲ್ಲಿ ಬಂದಾಗಿತ್ತು. ದೊರೈ–ಭಗವಾನ್ ಜೋಡಿಯ ‘ಜೇಡರ ಬಲೆ’ (1968) ಚಿತ್ರದಲ್ಲಿ ರಾಜ್‌ಕುಮಾರ್ ಸಿಐಡಿ 999 ಪ್ರಕಾಶ್. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಮಾದರಿ ಜೇಮ್ಸ್ ಬಾಂಡ್‌ನದು, ಆದರೆ ತಯಾರಿಕೆಯ ಗುಣ ಆ ಹಳೆಯ ವೆಸ್ಟರ್ನ್‌ಗಳದೇ: ಕಪ್ಪು ಬಿಳುಪು, ಒಂದರ ಬೆನ್ನಿಗೊಂದು ಕಂತು, ಅದೇ ನಾಯಕ, ನಗಿಸಲು ಜತೆಗೊಬ್ಬ ನರಸಿಂಹರಾಜು. ‘ಬೇಡರ ಕಣ್ಣಪ್ಪ’ನಾಗಿ ಭಕ್ತಿಯಿಂದ ಕಂಡ ಮುಖಕ್ಕೆ ಕೋಟು, ಪಿಸ್ತೂಲು ಹೊಂದುತ್ತವೆಯೇ ಎಂಬ ಅನುಮಾನಕ್ಕೆ ಜನ ಟಿಕೆಟ್ ಕೊಂಡೇ ಉತ್ತರ ಕೊಟ್ಟರು. 1972ರಲ್ಲಿ ದ್ವಾರಕೀಶ್ ‘ಕುಳ್ಳ ಏಜೆಂಟ್ 000’ ಆಗಿ ಇದನ್ನೆಲ್ಲ ಅಣಕಿಸಿದರು. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಬಣ್ಣದಲ್ಲಿ ಬಂತು. ಅದರಲ್ಲಿ ರಾಜ್‌ಕುಮಾರ್ ಇಂಗ್ಲಿಷ್ ಹಾಡನ್ನೇ ಹಾಡಿದರು. ಹಾಡುವ ಕೌಬಾಯ್‌ಗೆ ಸರಿಯಾದ ಜೋಡಿ.

ವೆಸ್ಟರ್ನ್‌ನ ತಿರುಳಿಗೆ ತೀರ ಹತ್ತಿರ ಬಂದದ್ದು ಬಹುಶಃ ‘ಗಂಧದ ಗುಡಿ’ (1973). ಎಂ.ಪಿ. ಶಂಕರ್ ನಿರ್ಮಿಸಿ ವಿಜಯ್ ನಿರ್ದೇಶಿಸಿದ ಈ ಚಿತ್ರದ ನಾಯಕ ಅರಣ್ಯಾಧಿಕಾರಿ. ಊರಿನ ಅಂಚು, ಅಲ್ಲಿಗೆ ಹೊಸಬನಾಗಿ ಬಂದ ಸರ್ಕಾರಿ ಮನುಷ್ಯ, ಕಾಡನ್ನು ತಮ್ಮದೆಂದುಕೊಂಡ ಕಳ್ಳಸಾಗಣೆದಾರರು: ಕತೆಯ ಹಂದರ ಷೆರಿಫ್‌ನದೇ. ದನ ಕದಿಯುವವರ ಜಾಗದಲ್ಲಿ ಮರಗಳ್ಳರು ನಿಂತರು, ಅಷ್ಟೆ.

ಎಂಬತ್ತರ ದಶಕದಲ್ಲಿ ನಾಯಕ ಪೊಲೀಸ್ ಠಾಣೆಗೆ ಬಂದ. ‘ಸುಧಾ’ದಲ್ಲಿ ಧಾರಾವಾಹಿಯಾದ ಎಚ್.ಕೆ. ಅನಂತರಾವ್ ಅವರ ಕಾದಂಬರಿಯಿಂದ ರಾಜೇಂದ್ರಸಿಂಗ್ ಬಾಬು ಮಾಡಿದ ‘ಅಂತ’ (1981) ಚಿತ್ರದಲ್ಲಿ ಅಂಬರೀಶ್ ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್. ಪಾತಕಿ ಕನ್ವರ್‌ಲಾಲ್‌ನ ವೇಷ ತೊಟ್ಟು ಒಳಹೊಕ್ಕು, ತಾನು ನಂಬಿದ ವ್ಯವಸ್ಥೆಯೇ ಕೊಳೆತಿರುವುದನ್ನು ಕಾಣುವವನು. ಪಿ. ನಂಜುಂಡಪ್ಪ ಅವರ ‘ಸಾಂಗ್ಲಿಯಾನ’ (1988) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೇವೆಯಲ್ಲಿದ್ದ ಐಪಿಎಸ್ ಅಧಿಕಾರಿ ಎಚ್.ಟಿ. ಸಾಂಗ್ಲಿಯಾನ ಅವರ ಹೆಸರನ್ನೇ ಶಂಕರ್‌ನಾಗ್ ಪಾತ್ರಕ್ಕೆ ಇಟ್ಟಿತು. ಅಮೆರಿಕದವರು ವ್ಯಾಟ್ ಅರ್ಪ್‌ನನ್ನು ತೆರೆಗೆ ತಂದದ್ದು ಅವನ ಕಾಲ ಮುಗಿದ ಮೇಲೆ. ಇಲ್ಲಿ ಅಷ್ಟು ಕಾಯಲಿಲ್ಲ. 1990ರಲ್ಲಿ ಎರಡನೆಯ ಭಾಗ ಬಂತು. ಅದೇ ವರ್ಷದ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡರು. 1991ರ ‘ಎಸ್.ಪಿ. ಭಾರ್ಗವಿ’ಯಲ್ಲಿ ಖಾಕಿ ಮಾಲಾಶ್ರೀ ಅವರ ಮೈಮೇಲೆ ಬಂತು.

ಥ್ರಿಲ್ಲರ್ ಮಂಜು ನಿರ್ದೇಶಿಸಿದ ‘ಪೊಲೀಸ್ ಸ್ಟೋರಿ’ (1996) ಈ ಪರಂಪರೆಯ ಅತಿ ಗಟ್ಟಿ ದನಿ, ಅಕ್ಷರಶಃ. ಅಗ್ನಿ ಎಂಬ ಇನ್‌ಸ್ಪೆಕ್ಟರ್ ಆದ ಸಾಯಿಕುಮಾರ್ ಅದುವರೆಗೆ ತೆಲುಗಿನಲ್ಲಿ ಬೇರೆ ನಾಯಕರಿಗೆ ಕಂಠದಾನ ಮಾಡುತ್ತಿದ್ದವರು. ರಾಷ್ಟ್ರಲಾಂಛನದ ಕಾಣುವ ಮೂರು ಸಿಂಹಗಳಿಗೆ ಒಂದೊಂದು ಅರ್ಥ ಹಚ್ಚಿ, ಕಾಣದ ನಾಲ್ಕನೆಯದು ಪೊಲೀಸ್ ಎನ್ನುವ ಅವರ ಮಾತು ನಾಟಕದ ಮಾತೇ, ಆದರೆ ಜನರ ಬಾಯಲ್ಲಿ ಇಂದಿಗೂ ಇದೆ. ಚಿತ್ರ ತೆಲುಗಿಗೆ ಡಬ್ ಆಗಿ ಅಲ್ಲೂ ಗೆದ್ದಿತು. 2011ರಲ್ಲಿ ಸುದೀಪ್ ತಮಿಳಿನ ‘ಸಿಂಗಂ’ ಅನ್ನು ‘ಕೆಂಪೇಗೌಡ’ ಮಾಡುವ ಹೊತ್ತಿಗೆ ಪೊಲೀಸ್ ಚಿತ್ರ ದೊಡ್ಡ ತಾರೆಯರ, ದೊಡ್ಡ ಬಂಡವಾಳದ ಸರಕಾಗಿತ್ತು.