ಗುಂಡಿಗೆಯ ಚಿಕಿತ್ಸೆ, ಮೂತ್ರಪಿಂಡದ ಚಿಂತೆ

ಹೊಸಕೋಟೆ ತಾಲ್ಲೂಕಿನ ನಮ್ಮ ಪಿಲ್ಲಗುಂಪೆಯ ಹಿರಿಯರೊಬ್ಬರು ಬೆಂಗಳೂರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದರು. ನೋಡಿಬರಲು ಹೋದಾಗ ಅವರು ಕೇಳಿದರು: “ಮೇಷ್ಟ್ರೇ, ಕೊಯ್ದದ್ದು ಗುಂಡಿಗೆ. ಗಂಟೆಗಂಟೆಗೂ ಅಳೆದು ಬರೆದುಕೊಂಡದ್ದು ಮೂತ್ರ. ಇದೇನು ವಿಚಿತ್ರ?” ವಾಚಕ ಮಹಾಶಯರೇ, ಈ ಪ್ರಶ್ನೆಯ ಹಿಂದೆ ಒಂದು ಇತಿಹಾಸವೇ ಇದೆ.

ನಮ್ಮ ಪ್ರಾಚೀನರು ಈ ಎರಡು ಅವಯವಗಳನ್ನೂ ಬಲ್ಲವರಾಗಿದ್ದರು. ಚರಕಸಂಹಿತೆಯು ಒಡಲೊಳಗಿನ ಅಂಗಗಳನ್ನು ಎಣಿಸುವಾಗ ಹೃದಯವನ್ನೂ ವೃಕ್ಕವನ್ನೂ ಹೆಸರಿಸುತ್ತದೆ. ವೃಕ್ಕವೆಂದರೆ ಮೂತ್ರಪಿಂಡ, ಇಂದಿನ ಮಾತಿನಲ್ಲಿ ಕಿಡ್ನಿ. ಇವೆರಡರ ನಂಟಿನ ಲೆಕ್ಕ ದೊರೆತದ್ದು ಮಾತ್ರ ಆಧುನಿಕ ಕಾಲದಲ್ಲಿ. ಹೃದಯವು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ನೂಕುತ್ತದೆ. ಅದರಲ್ಲಿ 1 ಲೀಟರಿನಷ್ಟು ಈ ಎರಡು ಪುಟ್ಟ ಪಿಂಡಗಳಿಗೇ ಸಲ್ಲುತ್ತದೆ. ಕೆರೆಯ ತೂಬಿನಲ್ಲಿ ನೀರು ತಗ್ಗಿದರೆ ಭತ್ತದ ಗದ್ದೆ ಬೇಗ ಬಾಡುವುದಿಲ್ಲವೇ? ರಕ್ತದ ಹರಿವು ತಗ್ಗಿದಾಗ ಮೂತ್ರಪಿಂಡದ ಪಾಡೂ ಅದೇ.

ಈ ಎರಡು ಅಂಗಗಳ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಸಾಹಸಗಳು ಹತ್ತು ವರ್ಷಗಳ ಅಂತರದಲ್ಲಿ ನಡೆದವು. 1943ರಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಊರಿನಲ್ಲಿ, ವಿಲ್ಲೆಮ್ ಕಾಲ್ಫ್ ಎಂಬ ವೈದ್ಯರು ಸೆಲೊಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ ರಕ್ತ ಶೋಧಿಸುವ ಯಂತ್ರವನ್ನು ಬಳಕೆಗೆ ತಂದರು. ಮೊದಮೊದಲ ರೋಗಿಗಳು ಬಹುಪಾಲು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ವೃದ್ಧೆಯೊಬ್ಬಳು ಉಳಿದಳು. ಇಂದಿನ ಡಯಾಲಿಸಿಸ್ ಹುಟ್ಟಿದ್ದು ಹೀಗೆ. ಇನ್ನೊಂದೆಡೆ 1953ರ ಮೇ 6ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಎಂಬ ಶಸ್ತ್ರವೈದ್ಯರು 18 ವರ್ಷದ ಯುವತಿಯ ಹೃದಯದೊಳಗಿನ ರಂಧ್ರವನ್ನು ಮುಚ್ಚಿದರು. 26 ನಿಮಿಷಗಳ ಕಾಲ ಅವಳ ಹೃದಯ, ಶ್ವಾಸಕೋಶಗಳೆರಡರ ಕೆಲಸವನ್ನೂ ಯಂತ್ರವೇ ನಡೆಸಿತು.

ಹೃದಯಕ್ಕೆ ವಿಶ್ರಾಂತಿ ದೊರೆಯಿತು. ಆದರೆ ಭಾರವು ಮೂತ್ರಪಿಂಡದ ಮೇಲೆ ಬಿತ್ತು. ಯಂತ್ರದಲ್ಲಿ ಹರಿಯುವ ರಕ್ತಕ್ಕೆ ಸಾಮಾನ್ಯವಾಗಿ ಹೃದಯದ ಮಿಡಿತವಿಲ್ಲ. ಒತ್ತಡ ತಗ್ಗಬಹುದು, ರಕ್ತ ತೆಳುವಾಗುತ್ತದೆ. ಕೆಂಪು ಕಣಗಳಲ್ಲಿ ಕೆಲವು ಒಡೆದು, ಅವುಗಳ ಬಣ್ಣದ ಪದಾರ್ಥವು ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಘಾಸಿಗೊಳಿಸುತ್ತದೆ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಮೊದಲೇ ಮೂತ್ರಪಿಂಡ ಕುಂದಿದವರು ಇದಕ್ಕೆ ಬೇಗ ತುತ್ತಾಗುತ್ತಾರೆ. ಹೃದಯದ ಶಸ್ತ್ರಚಿಕಿತ್ಸೆಯಾದ ವಯಸ್ಕರಲ್ಲಿ ನೂರಕ್ಕೆ ಸುಮಾರು 20ರಿಂದ 30 ಮಂದಿಗೆ ಏನಾದರೊಂದು ಪ್ರಮಾಣದಲ್ಲಿ ಈ ತೊಂದರೆ ಕಾಣುತ್ತದೆ. ಡಯಾಲಿಸಿಸ್ ಬೇಕಾಗುವವರು ಕೆಲವರೇ. ಆದರೆ ಅವರ ಪ್ರಾಣಾಪಾಯವು ಬಹಳ ಹೆಚ್ಚು.

ಬಹುಕಾಲ ಇದನ್ನು ಅಳೆಯಲು ವೈದ್ಯರಲ್ಲಿ ಒಮ್ಮತದ ಅಳತೆಗೋಲೇ ಇರಲಿಲ್ಲ. 2004ರಲ್ಲಿ ಒಂದು ಸೂತ್ರ ಬಂತು; 2012ರಲ್ಲಿ ಅದು ತಿದ್ದುಪಡಿಗೊಂಡಿತು. ಅದರಂತೆ ರಕ್ತದ ಕ್ರಿಯಾಟಿನಿನ್ 48 ಗಂಟೆಗಳೊಳಗೆ 0.3 ಮಿಲಿಗ್ರಾಂ ಏರಿದರೂ ಎಚ್ಚರವಾಗಬೇಕು. ಈ ಏರಿಕೆ ಕಾಣಲು ಒಂದೆರಡು ದಿನ ಹಿಡಿಯುವುದುಂಟು. ಮೂತ್ರ ಕಡಿಮೆಯಾಗುವುದು ಅದಕ್ಕೂ ಮುಂಚೆ ತಿಳಿದೀತು. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಾಗಿ 6 ಗಂಟೆ ಮುಂದುವರಿದರೆ ಅದು ಅಪಾಯದ ಗಂಟೆ. ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿದೆ.

ಇದನ್ನು ತಡೆಯುವ ಮದ್ದಿಗಾಗಿ ಹುಡುಕಾಟ ಇನ್ನೂ ಸಾಗಿದೆ. 3,511 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅಮೈನೊ ಆಮ್ಲಗಳನ್ನು ರಕ್ತನಾಳದ ಮೂಲಕ ಕೊಟ್ಟಾಗ ತೊಂದರೆಗೊಳಗಾದವರ ಸಂಖ್ಯೆ ನೂರಕ್ಕೆ 31.7ರಿಂದ 26.9ಕ್ಕೆ ಇಳಿಯಿತು. ಲಾಭ ಚಿಕ್ಕದು, ಆದರೂ ನಿಜವಾದದ್ದು.

ಹಿಂದೆ ಹಳ್ಳಿಯವರಿಗೆ ಹೃದಯದ ಶಸ್ತ್ರಚಿಕಿತ್ಸೆ ಕನಸಿನ ಮಾತಾಗಿತ್ತು. ಬೆಂಗಳೂರಿನ ಜಯದೇವ ಸಂಸ್ಥೆ, 2000ದಲ್ಲಿ ಸ್ಥಾಪನೆಯಾದ ಬೊಮ್ಮಸಂದ್ರದ ನಾರಾಯಣ ಹೃದಯಾಲಯ, 2003ರಲ್ಲಿ ಸಹಕಾರ ಸಂಘದ ರೈತರಿಗಾಗಿ ಜಾರಿಗೆ ಬಂದ ಯಶಸ್ವಿನಿ ಯೋಜನೆ, ಇವುಗಳಿಂದ ಅದು ಹತ್ತಿರವಾಯಿತು. ಎದೆಯ ಗಾಯ ಮಾಯಿತೆಂದು ಮೈಮರೆಯಬಾರದಷ್ಟೆ. ಮನೆಗೆ ಮರಳಿದ ಮೇಲೂ ವೈದ್ಯರು ಹೇಳಿದ ದಿನ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿರಿ. ಅವರನ್ನು ಕೇಳದೆ ಅಂಗಡಿಯ ನೋವಿನ ಮಾತ್ರೆಯನ್ನು ನುಂಗಬೇಡಿರಿ. ಆ ಹಿರಿಯರಿಗೂ ಇದನ್ನೇ ಹೇಳಿ ಬಂದೆ.