ಇಬ್ಬರು ಮಾಜಿ ಮುಖ್ಯಮಂತ್ರಿಗಳು ಮತ್ತು ದೆಹಲಿಯ ಕಪಾಟು...

ವಿಧಾನಸೌಧದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಬರೆದಿರೋದು ನಮಗೆಲ್ಲ ಗೊತ್ತು. ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಮುಂದೆ ದೆಹಲಿಯಲ್ಲಿ ಕೂತು, ಇಡೀ ಭಾರತ ಸರ್ಕಾರವನ್ನು ಹೇಗೆ ರಿಪೇರಿ ಮಾಡಬೇಕು ಅಂತ ವರ್ಷಗಟ್ಟಲೆ ವರದಿ ಬರೆಸಿದರು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಸುಮಾರು ನಲವತ್ತು ವರ್ಷಗಳ ನಂತರ ದೆಹಲಿ ಅದೇ ಕೆಲಸಕ್ಕೆ ಮತ್ತೊಮ್ಮೆ ಹುಡುಕಿದ್ದೂ ಕರ್ನಾಟಕದ ಮಾಜಿ ಮುಖ್ಯಮಂತ್ರಿಯನ್ನೇ, ವೀರಪ್ಪ ಮೊಯ್ಲಿಯವರನ್ನು. ಇಬ್ಬರ ವರದಿಗಳಿಗೂ ಏನಾಯಿತು ಅಂತ ನೋಡಿದರೆ ನಮ್ಮ ಸರ್ಕಾರಗಳು ನಿಜವಾಗಿ ಯಾವುದನ್ನು ಮೊದಲು ಅಂದುಕೊಂಡವು, ಯಾವುದನ್ನು ಆಮೇಲೆ ಅಂದವು ಅನ್ನೋದು ತಿಳಿಯುತ್ತೆ.

ಸ್ವಲ್ಪ ಹಿಂದಿನಿಂದ ಶುರು ಮಾಡೋಣ. 1951ರಲ್ಲಿ, ಮೊದಲ ಪಂಚವಾರ್ಷಿಕ ಯೋಜನೆ ಸಿದ್ಧವಾಗ್ತಿದ್ದ ಹೊತ್ತಿನಲ್ಲೇ, ಯೋಜನಾ ಆಯೋಗ ಎ.ಡಿ. ಗೋರವಾಲಾ ಅನ್ನೋ ನಿವೃತ್ತ ಐಸಿಎಸ್ ಅಧಿಕಾರಿಯಿಂದ ಆಡಳಿತದ ಬಗ್ಗೆ ಒಂದು ವರದಿ ಬರೆಸಿತು. ಆಡಳಿತ ಶುದ್ಧವಾಗಿಲ್ಲದಿದ್ದರೆ ಯಾವ ಯೋಜನೆಯೂ ನಡೆಯಲ್ಲ ಅನ್ನೋದು ಅವರ ಮಾತಿನ ಸಾರ. ಆಮೇಲೆ ಅಮೆರಿಕದಿಂದ ಪಾಲ್ ಆಪಲ್‌ಬಿ ಬಂದರು. 1953ರ ವರದಿಯಲ್ಲಿ ಅವರು ಭಾರತದ ಆಡಳಿತವನ್ನು ಜಗತ್ತಿನ ಮುಂದುವರಿದ ಹತ್ತು ಹನ್ನೆರಡು ಸರ್ಕಾರಗಳ ಸಾಲಿಗೆ ಸೇರಿಸಿದರು. (ದೆಹಲಿಗೆ ಇದು ಎಷ್ಟು ಖುಷಿ ಕೊಟ್ಟಿರಬಹುದು ಊಹಿಸಿ!) ಅವರ ಸಲಹೆಯಂತೆ 1954ರಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಹುಟ್ಟಿತು. ಆದರೆ 1956ರ ಎರಡನೇ ವರದಿಯಲ್ಲಿ ಅದೇ ಆಪಲ್‌ಬಿ ಲೆಕ್ಕ ತಪಾಸಣೆಯ ಕಾಟವನ್ನೂ, ಯಾರೂ ಧೈರ್ಯವಾಗಿ ತೀರ್ಮಾನ ತೆಗೆದುಕೊಳ್ಳದ ಕಚೇರಿಗಳನ್ನೂ ಟೀಕಿಸಿದಾಗ ಸಂಸತ್ತಿನಲ್ಲಿ ಗಲಾಟೆಯಾಯಿತು.

ಇದೆಲ್ಲ ನಡೀತಿರುವಾಗಲೇ ಇನ್ನೊಂದು ಕಡೆ ಕಾನೂನೊಂದು ಸದ್ದಿಲ್ಲದೆ ಬೆಳೀತಿತ್ತು. 1951ರ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯ್ದೆ. ಅದರ ಪಟ್ಟಿಯಲ್ಲಿದ್ದ ಉದ್ಯಮಗಳಲ್ಲಿ ದೊಡ್ಡ ಕಾರ್ಖಾನೆ ಹಾಕೋಕೆ ಲೈಸೆನ್ಸ್ ಬೇಕು, ಇದ್ದದ್ದನ್ನು ದೊಡ್ಡದು ಮಾಡೋಕೆ ಲೈಸೆನ್ಸ್ ಬೇಕು, ಹೊಸ ಸಾಮಾನು ತಯಾರಿಸೋಕೆ ಬೇಕು, ಒಂದೂರಿಂದ ಇನ್ನೊಂದೂರಿಗೆ ಎತ್ತಂಗಡಿ ಮಾಡೋಕೂ ಬೇಕು. ಯೋಚನೆ ಕೆಟ್ಟದ್ದಾಗಿರಲಿಲ್ಲ. ಇರೋ ಕಡಿಮೆ ಬಂಡವಾಳ ಸರಿಯಾದ ಕಡೆ ಹೋಗಲಿ ಅಂತಿತ್ತು. ಆದರೆ ಆ ಕಾಯ್ದೆ ನಡೆಸೋಕೆ ಬೇಕಾಗಿದ್ದು ಗೋರವಾಲಾ ಹೇಳಿದಂಥ ಆಡಳಿತ, ಸಿಕ್ಕಿದ್ದು ಫೈಲು. ಬೆಳವಣಿಗೆ ಮತ್ತು ಆಡಳಿತ ಬೇರೆ ಬೇರೆ ವಿಷಯ ಅಂದುಕೊಂಡದ್ದರ ಫಲ ಇದು ಅನ್ನೋದು ನನ್ನ ಅಭಿಪ್ರಾಯ. ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯ್ತಿದ್ದ ಕಾಲವನ್ನು ಮನೆಯಲ್ಲಿ ಹಿರಿಯರನ್ನು ಕೇಳಿ, ಹೇಳ್ತಾರೆ.

ಈಗ ಹನುಮಂತಯ್ಯನವರ ಕಥೆಗೆ ಬರ್ತೀನಿ. ಆಡಳಿತ ಸುಧಾರಣಾ ಆಯೋಗದ ಆದೇಶ ಹೊರಟದ್ದು 1966ರ ಜನವರಿ 5ರಂದು. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ಆಗ ತಾಷ್ಕೆಂಟಿನಲ್ಲಿದ್ದರು. 11ರ ನಸುಕಿಗೆ ಅಲ್ಲೇ ತೀರಿಕೊಂಡರು. ಅಧ್ಯಕ್ಷರಾಗಿದ್ದವರು ಮೊರಾರ್ಜಿ ದೇಸಾಯಿ. ಆ ವರ್ಷ ಬರಗಾಲ, ಜೂನ್‌ನಲ್ಲಿ ರೂಪಾಯಿ ಅಪಮೌಲ್ಯ, ಡಾಲರಿಗೆ 4.76 ಇದ್ದದ್ದು 7.50 ಆಯಿತು. ಸರ್ಕಾರದ ತಲೆ ಎಲ್ಲಿತ್ತು ಅಂತ ಬೇರೆ ಹೇಳಬೇಕಿಲ್ಲ. ಆದರೂ ಆಯೋಗ ಅಕ್ಟೋಬರಿನಲ್ಲೇ ಮಧ್ಯಂತರ ವರದಿ ಕೊಟ್ಟು, ಕೇಂದ್ರಕ್ಕೊಬ್ಬ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕು ಅಂದಿತು. 1967ರಲ್ಲಿ ಮೊರಾರ್ಜಿ ಉಪಪ್ರಧಾನಿಯಾಗಿ ಎದ್ದು ಹೋದರು, ಕುರ್ಚಿಗೆ ಹನುಮಂತಯ್ಯ ಬಂದರು.

ಒಟ್ಟು 20 ವರದಿ, 537 ಶಿಫಾರಸು! ಅದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಸಿಬ್ಬಂದಿ ಆಡಳಿತದ ವರದಿ. ಮೇಲಿನ ಹುದ್ದೆಗಳೆಲ್ಲ ಐಎಎಸ್‌ನವರಿಗೇ ಮೀಸಲಾಗೋದು ಬೇಡ, ಆರ್ಥಿಕ, ಕೈಗಾರಿಕೆ, ಕೃಷಿ ಹೀಗೆ ವಿಷಯ ಬಲ್ಲವರು ಯಾವ ಸೇವೆಯಲ್ಲಿದ್ದರೂ ಅಲ್ಲಿಗೆ ಬರುವಂತಾಗಲಿ ಅಂತ ಅದರ ಮಾತು. ಇಂಜಿನಿಯರ್ ಎಷ್ಟೇ ಬಲ್ಲವನಾದರೂ ಇಲಾಖೆಯ ತುದಿಗೇರಲಾರ ಅನ್ನೋ ಕೊರಗು ಆಗಲೇ ಇತ್ತು. ಇದನ್ನು ಜಾರಿ ಮಾಡಬೇಕಿದ್ದವರು ಯಾರು? ಅದೇ ಮೇಲಿನ ಹುದ್ದೆಗಳಲ್ಲಿ ಕೂತಿದ್ದವರು. ಮೂಲ ಸಲಹೆ ಹಾಗೇ ಉಳಿಯಿತು. ಆದರೆ 1970ರಲ್ಲಿ ಸಿಬ್ಬಂದಿ ಇಲಾಖೆ ಅಂತ ಹೊಸದೊಂದು ಇಲಾಖೆ ಮಾತ್ರ ಶುರುವಾಯಿತು, ಅದೂ ಆಯೋಗ ಹೇಳಿದ್ದೇ ಅನ್ನಿ. ಇನ್ನು ಲೋಕಪಾಲ? 1968ರಲ್ಲಿ ಮೊದಲ ಮಸೂದೆ ಬಂತು, ಲೋಕಸಭೆಯಲ್ಲಿ ಪಾಸೂ ಆಯಿತು, ಸಭೆ ವಿಸರ್ಜನೆಯಾಗಿ ಬಿದ್ದುಹೋಯಿತು. ಸಂಸತ್ತಿನಲ್ಲಿ ಕೊನೆಗೂ ಪಾಸಾಗಿದ್ದು 2013ರ ಡಿಸೆಂಬರಿನಲ್ಲಿ, ಮೊದಲ ಲೋಕಪಾಲರು ಬಂದಿದ್ದು 2019ರ ಮಾರ್ಚ್‌ನಲ್ಲಿ. ಐವತ್ತಮೂರು ವರ್ಷ ಸ್ವಾಮಿ! ನಮ್ಮ ಕರ್ನಾಟಕ 1984ರಲ್ಲೇ ಲೋಕಾಯುಕ್ತ ಕಾಯ್ದೆ ಮಾಡಿತ್ತು.

ಇದಕ್ಕೆ ಹೋಲಿಸಿ 1991 ನೋಡಿ. ವಿದೇಶಿ ವಿನಿಮಯ ಎರಡು ಮೂರು ವಾರದ ಆಮದಿಗೆ ಸಾಲುವಷ್ಟಕ್ಕೆ ಇಳಿದಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನ ಅಡವಿಟ್ಟು ಸಾಲ ಎತ್ತಿತು. ಕೈಗಾರಿಕಾ ಖಾತೆಯನ್ನು ಪ್ರಧಾನಿ ನರಸಿಂಹರಾವ್ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಜುಲೈ 24ರಂದು, ಮನಮೋಹನ್ ಸಿಂಗ್ ಬಜೆಟ್ ಓದುವ ಕೆಲವೇ ಗಂಟೆ ಮುಂಚೆ, ಹೊಸ ಕೈಗಾರಿಕಾ ನೀತಿ ಸಂಸತ್ತಿನ ಮುಂದೆ ಬಂತು. 18 ಉದ್ಯಮ ಬಿಟ್ಟು ಉಳಿದದ್ದಕ್ಕೆ ಲೈಸೆನ್ಸ್ ಬೇಡ. ತಮಾಷೆ ಅಂದ್ರೆ ಆ 1951ರ ಕಾಯ್ದೆಯನ್ನು ರದ್ದು ಮಾಡಲೇ ಇಲ್ಲ, ಮರುದಿನ ಅದೇ ಕಾಯ್ದೆಯ ಕೆಳಗೆ ಒಂದು ಅಧಿಸೂಚನೆ ಹೊರಡಿಸಿದರು, ಅಷ್ಟೇ. ನಾಲ್ಕು ದಶಕದ ಗಂಟು ಒಂದು ಕಾಗದದಲ್ಲಿ ಬಿಚ್ಚಿತು.

ಬಿಚ್ಚಿದ್ದು ಸರ್ಕಾರ ಮತ್ತು ಕಾರ್ಖಾನೆಯ ನಡುವಿನ ಗಂಟು. ತಾಲ್ಲೂಕು ಕಚೇರಿ ಮತ್ತು ನಮ್ಮ ನಡುವಿನದ್ದು ಹಾಗೇ ಇತ್ತು. ಐದನೇ ವೇತನ ಆಯೋಗ 1997ರಲ್ಲಿ ಸಂಬಳ ಏರಿಸಿ, ಜೊತೆಗೇ ಹತ್ತು ವರ್ಷದಲ್ಲಿ ಸಿಬ್ಬಂದಿಯನ್ನು ಶೇ. 30ರಷ್ಟು ಇಳಿಸಿ ಅಂದಿತ್ತು. ಯಾವುದು ಜಾರಿಯಾಯಿತು ಅಂತ ನಾನು ಹೇಳಬೇಕಾ?

2005ರ ಆಗಸ್ಟಿನಲ್ಲಿ ಎರಡನೇ ಆಯೋಗ ಬಂತು, ಮೊಯ್ಲಿಯವರದ್ದು. ಈ ಸಲ ಹೊತ್ತು ಚೆನ್ನಾಗಿತ್ತು. ಆರ್ಥಿಕತೆ ಓಡ್ತಿತ್ತು, ಮಾಹಿತಿ ಹಕ್ಕು ಕಾಯ್ದೆ ಆಗಷ್ಟೇ ಪಾಸಾಗಿತ್ತು. 2006ರ ಮೊದಲ ವರದಿಯೇ ಮಾಹಿತಿ ಹಕ್ಕಿನ ಮೇಲೆ. ಬ್ರಿಟಿಷರು 1923ರಲ್ಲಿ ಮಾಡಿದ ಅಧಿಕೃತ ರಹಸ್ಯ ಕಾಯ್ದೆಯನ್ನು ತೆಗೆದುಹಾಕಿ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕಾಯ್ದೆ ಇಂದಿಗೂ ಇದೆ. 2009ರ ಚುನಾವಣೆ ಬಂತು, ಮೊಯ್ಲಿಯವರೂ ಕೊನೆ ಹಂತದಲ್ಲಿ ಎದ್ದು ಹೋಗಿ ಚಿಕ್ಕಬಳ್ಳಾಪುರದಿಂದ ಗೆದ್ದು ಕಾನೂನು ಮಂತ್ರಿಯಾದರು. ಮೊರಾರ್ಜಿಯವರ ನೆನಪು ಬರಲ್ವಾ?

ಹಾಗಂತ ಏನೂ ಆಗಲೇ ಇಲ್ಲ ಅಂತಲ್ಲ. ನಮ್ಮಲ್ಲೇ 'ಭೂಮಿ' ಬಂತು. 2000ದ ಆಸುಪಾಸಿನಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಹೋಗಿ 15 ರೂಪಾಯಿಗೆ ಕಿಟಕಿಯಲ್ಲಿ ಸಿಗೋ ಹಾಗಾಯಿತು. ಮಾಹಿತಿ ಹಕ್ಕಿಗೆ ಬೇರು ರಾಜಸ್ಥಾನದ ಹಳ್ಳಿಗಳಲ್ಲಿ ಕೂಲಿಯ ಲೆಕ್ಕ ತೋರಿಸಿ ಅಂತ ಕೇಳಿದ ಜನರ ಹೋರಾಟದಲ್ಲಿದೆ. ಎರಡೂ ಆಯೋಗದ ವರದಿಯಿಂದ ಹುಟ್ಟಿದ್ದಲ್ಲ.

ಅಂದಹಾಗೆ ಮೊಯ್ಲಿ ಆಯೋಗದ ಹದಿನೈದೂ ವರದಿ ಕೇಂದ್ರದ ಆಡಳಿತ ಸುಧಾರಣಾ ಇಲಾಖೆಯ ತಾಣದಲ್ಲಿ ಪುಕ್ಕಟೆ ಸಿಗುತ್ತೆ. ಪುಟಗಳ ಲೆಕ್ಕ ನೋಡಿ ಹೆದರಬೇಡಿ. ಹನ್ನೆರಡನೆಯದು, ನಾಗರಿಕ ಕೇಂದ್ರಿತ ಆಡಳಿತದ್ದು, ಅದರಿಂದ ಶುರು ಮಾಡಿ. ಇಂಗ್ಲಿಷಿನಲ್ಲಿದೆ. ಯಾರಾದರೂ ಅದರ ನಾಲ್ಕು ಪುಟ ಕನ್ನಡಕ್ಕೆ ತಂದರೆ ಓದೋಕೆ ನಾನಂತೂ ಕಾಯ್ತಿರ್ತೀನಿ...